ಮನೆಯ ಯಜಮಾನರು ಯಾರು?

ಗಂಡನನ್ನು ‘ಯಜಮಾನರು’ ಎನ್ನುವುದು ನಮ್ಮ ಕಡೆಯ ರೂಢಿ. ಆದರೆ ಡೊಂಬಿವಲಿಯ ನಮ್ಮ ಫ್ಲ್ಯಾಟಿಗೆ ಕಾಗದಪತ್ರಗಳ ಪ್ರಕಾರ ಯಜಮಾನಿ ನಾನೇ. ಮದುವೆಗೆ ಮೊದಲು ನನ್ನ ಸಂಬಳದ ಮೇಲೆ ಸಾಲ ತೆಗೆದು ಕೊಂಡ ಮನೆಯದು. ಮದುವೆಯಾದಂದಿನಿಂದ ಯಜಮಾನರು ಕಂತಿನ ಅರ್ಧ ಹಣವನ್ನು ತಿಂಗಳು ತಿಂಗಳೂ ನನ್ನ ಖಾತೆಗೆ ಹಾಕುತ್ತಾರೆ. ಆ ಹಣಕ್ಕೆ ಹೆಸರೇನು? ಸಂಸಾರದಲ್ಲಿ ಯಾರೂ ಕೇಳದ ಈ ಪ್ರಶ್ನೆಯನ್ನು ತೆರಿಗೆಯ ಲೆಕ್ಕ ಕೇಳುತ್ತದೆ.

“ಬಡ್ಡಿಯಲ್ಲಿ ಅರ್ಧ ನಾನೂ ಕಟ್ಟುತ್ತೇನಲ್ಲ, ನನಗೂ ವಿನಾಯಿತಿ ಸಿಗಬೇಡವೇ?” ಎಂದರು ಅವರು.

ಸಿಗುವುದಿಲ್ಲ. ವಾಸದ ಮನೆಯ ಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷ ರೂಪಾಯಿಯವರೆಗೆ ವಿನಾಯಿತಿಯುಂಟು. ಒಡೆತನದಲ್ಲೂ ಸಾಲದಲ್ಲೂ ಇಬ್ಬರ ಹೆಸರಿದ್ದರೆ, ತಮ್ಮ ತಮ್ಮ ಪಾಲಿಗೆ ತಕ್ಕಂತೆ ಇಬ್ಬರಿಗೂ ಪ್ರತ್ಯೇಕವಾಗಿ ಅಷ್ಟರವರೆಗೆ ದೊರೆಯುತ್ತದೆ. ಒಡೆತನವಿಲ್ಲದೆ ಹಣ ಮಾತ್ರ ಕೊಟ್ಟವರಿಗೆ ಏನೂ ಇಲ್ಲ. 2023-24ರ ಸಾಲಿನಿಂದ ತಾನಾಗಿಯೇ ಅನ್ವಯಿಸುವ ಹೊಸ ಪದ್ಧತಿಯಲ್ಲಂತೂ ವಾಸದ ಮನೆಗೆ ಈ ವಿನಾಯಿತಿಯೇ ಇಲ್ಲ.

“ಹಾಗಾದರೆ ಬಾಡಿಗೆ ಎನ್ನೋಣ” ಎಂದರು. ಅದೂ ಇದೆ. ಗಂಡ ಹೆಂಡತಿಗೆ ಕೊಟ್ಟ ಬಾಡಿಗೆಯ ಮೇಲೆ ಮನೆಬಾಡಿಗೆ ಭತ್ಯೆಯ ವಿನಾಯಿತಿಯನ್ನು ದೆಹಲಿಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣ 2022ರಲ್ಲಿ ಒಪ್ಪಿದ್ದುಂಟು. ಆದರೆ ಈ ವಿನಾಯಿತಿಯೂ ಹಳೆಯ ಪದ್ಧತಿಯವರಿಗೇ. ಬಾಡಿಗೆ ನಿಜವಾಗಿ ಸಲ್ಲಬೇಕು. ಹೆಂಡತಿ ಅದನ್ನು ತನ್ನ ವರಮಾನವೆಂದು ತೋರಿಸಬೇಕು.

ನನಗೆ ಚುಚ್ಚಿದ್ದು ಬೇರೆ ಮಾತು. “ನೀವು ಬಾಡಿಗೆದಾರರಾದರೆ, ಇಪ್ಪತ್ತು ವರ್ಷ ಕೊಟ್ಟರೂ ಈ ಮನೆಯ ಒಂದು ಇಟ್ಟಿಗೆಯೂ ನಿಮ್ಮದಾಗುವುದಿಲ್ಲವಲ್ಲ?” ಎಂದೆ. ಅವರು ಸುಮ್ಮನಾದರು.

ಉಡುಗೊರೆ ಎಂದರೋ, ಗಂಡ ಹೆಂಡತಿಗೆ ಕೊಟ್ಟದ್ದಕ್ಕೆ ತೆರಿಗೆಯಿಲ್ಲ. ಹಾಗೆಯೇ ಕೊಟ್ಟವನಿಗೆ ಹಕ್ಕೂ ಇಲ್ಲ. ಇನ್ನು ನಾನೇ ಅರ್ಧ ಮನೆಯನ್ನು ಪುಕ್ಕಟೆಯಾಗಿ ಬರೆದುಕೊಟ್ಟರೆ, ಮನೆ ಅವರದಾದರೂ ತೆರಿಗೆಯ ಕಣ್ಣಿಗೆ ಆ ಪಾಲಿಗೂ ಒಡತಿ ನಾನೇ. ಬೆಲೆ ಕೊಟ್ಟು ಕೊಂಡರೆ ಮಾತ್ರ ಮಾತು ಬೇರೆ.

ಕೊನೆಗೆ ಉಳಿತಾಯದ ಲೆಕ್ಕವನ್ನು ಬದಿಗಿಟ್ಟು ನ್ಯಾಯದ ಲೆಕ್ಕ ಹಾಕಿದೆವು. ಬ್ಯಾಂಕಿನ ಒಪ್ಪಿಗೆ ಪಡೆದು ಅವರ ಪಾಲನ್ನು ನೋಂದಾಯಿಸುವುದೆಂದು ನಿಶ್ಚಯವಾಗಿದೆ. ಮುದ್ರಾಂಕದ ಖರ್ಚಿದೆ, ಇರಲಿ.

ಊರು ಬಿಟ್ಟು ಬಂದು, ಎರಡು ಸಂಬಳದಿಂದ ಒಂದು ಸೂರು ಕಟ್ಟಿಕೊಂಡ ಸಂಸಾರಗಳು ನಮ್ಮಲ್ಲಿ ಬಹಳ. ಬಾಡಿಗೆಯೋ, ಉಡುಗೊರೆಯೋ, ಸಾಲವೋ, ಪಾಲೋ, ಕೊಡುವ ಹಣದ ಹೆಸರನ್ನು ಇಬ್ಬರೂ ಕುಳಿತು ಮೊದಲ ತಿಂಗಳೇ ಬರೆದಿಡುವುದು ಒಳ್ಳೆಯದು. ಅದರಿಂದ ಪ್ರೀತಿಗೆ ಕುಂದಿಲ್ಲ.