ನೀರು ಸೇರಿದ ಆಯಿಲು, ಮುರಿದ ಸಂಬಳ

ಲಾರಿಯ ಎಂಜಿನ್ ಆಯಿಲಿಗೆ ನೀರು ಸೇರಿತು ಅಂದ ಕೂಡಲೇ ಮಾಲೀಕ ಕೇಳುವ ಮೊದಲ ಪ್ರಶ್ನೆ, 'ಡ್ರೈವರ್ ಯಾರು?' ನೀರು ಎಲ್ಲಿಂದ ಬಂತು ಅನ್ನೋದು ಆಮೇಲಿನ ಮಾತು. ಹೆಡ್ ಬಿಚ್ಚುವ ಮೊದಲೇ, ತಳದ ಚೇಂಬರ್ ಇಳಿಸುವ ಮೊದಲೇ ತೀರ್ಪು ಆಗಿಹೋಗಿರುತ್ತದೆ. 'ಗಾಡಿ ಕಾಯಿಸಿದ್ದಾನೆ', 'ರೇಡಿಯೇಟರ್ ನೋಡಿಲ್ಲ', 'ಕುಡಿದಿದ್ದ'. ಕಬ್ಬಿಣ ಇನ್ನೂ ಬಾಯಿ ಬಿಟ್ಟಿರುವುದಿಲ್ಲ, ಸಂಬಳ ಆಗಲೇ ಮುರಿದಿರುತ್ತದೆ.

ನಾವು ಬೆಂಗಳೂರಿನ ಪಡುವಣ ದಿಕ್ಕಿನವರು. ರಾಜಾಜಿನಗರ ಕೈಗಾರಿಕಾ ಪ್ರದೇಶದ ಲೇತು ಅಂಗಡಿಗಳು, ಕಾಮಾಕ್ಷಿಪಾಳ್ಯ ಮಾಗಡಿ ರಸ್ತೆಯ ಗ್ಯಾರೇಜುಗಳು, ನಾಯಂಡಹಳ್ಳಿಯಿಂದ ಕೆಂಗೇರಿವರೆಗಿನ ಮೈಸೂರು ರಸ್ತೆ, ಇವೇ ನಮ್ಮ ಶಾಲೆ. ನಮ್ಮಲ್ಲಿ ಮಾಗಡಿ, ಕುಣಿಗಲ್, ಕನಕಪುರ ಕಡೆಯ ಕೇರಿಗಳಿಂದ ಬಂದವರಿದ್ದಾರೆ. ಸಾಬರ ಗ್ಯಾರೇಜಿನಲ್ಲಿ ಮೇಸ್ತ್ರಿ ಕೈಕೆಳಗೆ ಪಾನಾ ಹಿಡಿಯೋದು ಕಲಿತವರಿದ್ದಾರೆ. ಕ್ಲೀನರಾಗಿ ಲಾರಿ ಹತ್ತಿ ಡ್ರೈವರಾದವರಿದ್ದಾರೆ. ಅಕ್ಷರ ನಮ್ಮಲ್ಲಿ ಕಡಿಮೆ. ಆದರೆ ಎಂಜಿನ್ನನ್ನು ನಾವು ಓದುತ್ತೇವೆ. ಆ ಓದನ್ನು ಇದುವರೆಗೆ ಯಾರೂ ಓದು ಅಂತ ಲೆಕ್ಕಕ್ಕೆ ಹಿಡಿದಿಲ್ಲ.

ಏನು ಓದುತ್ತೇವೆ? ಬೆಳಿಗ್ಗೆ ಗೇಜು ಕಡ್ಡಿ ಎಳೆದು ನೋಡಿದಾಗ ಆಯಿಲು ಹಾಲು ಹಾಕಿದ ಕಾಫಿಯ ಹಾಗೆ ಕಂಡರೆ, ಯಾರೂ ಸುರಿಯದೆ ಆಯಿಲಿನ ಮಟ್ಟ ಮೇಲೇರಿದ್ದರೆ, ನೆಲಕ್ಕೆ ಒಂದು ಹನಿ ಬೀಳದೆ ರೇಡಿಯೇಟರಿನ ನೀರು ಇಳಿದಿದ್ದರೆ, ಒಳಗೆ ಎಲ್ಲೋ ದಾರಿ ಆಗಿದೆ ಅಂತ ಅರ್ಥ. ಆಯಿಲ್ ಮುಚ್ಚಳದ ಕೆಳಗೆ ಬರೀ ಒಂದಿಷ್ಟು ಬಿಳಿ ನೊರೆ ಇದ್ದರೆ ಹೆದರಬೇಕಿಲ್ಲ. ಮಳೆ-ಚಳಿಗಾಲದಲ್ಲಿ ಎಂಜಿನ್ ಪೂರ್ತಿ ಕಾಯದೆ ನಾಲ್ಕು ಮೈಲಿ ಓಡಿ ನಿಲ್ಲುವ ಗಾಡಿಗೆ ಅದು ಆಗುವುದೇ. ಆದರೆ ಗೇಜು ಕಡ್ಡಿಯಲ್ಲೇ ಆ ಹಾಲಿನ ಬಣ್ಣ ಕಂಡರೆ ಎಂಜಿನ್ ಸ್ಟಾರ್ಟ್ ಮಾಡಬಾರದು. ನೀರು ಬೆರೆತ ಆಯಿಲಿಗೆ ಕ್ರ್ಯಾಂಕ್ ಬೇರಿಂಗನ್ನು ಎತ್ತಿ ಹಿಡಿಯುವ ಶಕ್ತಿ ಇರುವುದಿಲ್ಲ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಸೇರಿದರಂತೂ ಅದು ಜಿಗಟು ರಾಡಿಯಾಗಿ ಫಿಲ್ಟರನ್ನೇ ಕಟ್ಟುತ್ತದೆ. ಹತ್ತು ಮೈಲಿ ಓಡಿಸಿದರೆ ಸಾವಿರದ ಕೆಲಸ ಲಕ್ಷಕ್ಕೆ ಹೋಗುತ್ತದೆ.

ಒಂದು ಗಾಡಿಯ ಕತೆ ಹೇಳುತ್ತೇವೆ. ಕೆಂಗೇರಿ ದಾಟಿದ ಮೇಲೆ ಡ್ರೈವರು ಗೇಜು ನೋಡಿ ಲಾರಿಯನ್ನು ಪಕ್ಕಕ್ಕೆ ಹಾಕಿದ. ಮಾಲೀಕ ಫೋನಿನಲ್ಲಿ, 'ಆಯಿಲ್ ಬದಲಾಯಿಸಿ ಓಡಿಸ್ಕೊಂಡು ಬಾ, ಲೋಡು ಇಳೀಬೇಕು' ಅಂದ. ಡ್ರೈವರು ಒಪ್ಪಲಿಲ್ಲ. 'ಹಂಗಾದ್ರೆ ಎಂಜಿನ್ ಖರ್ಚು ನಿನ್ನ ಸಂಬಳದಲ್ಲಿ' ಅಂತ ಫೋನಿಟ್ಟ. ಗಾಡಿಯನ್ನು ಎಳೆದು ತಂದೆವು. ರಾತ್ರಿ ಹಾಗೇ ನಿಲ್ಲಿಸಿ, ಬೆಳಿಗ್ಗೆ ಚೇಂಬರಿನ ಬೋಲ್ಟು ಮೆಲ್ಲಗೆ ಸಡಿಲ ಮಾಡಿದೆವು. ನೀರು ಆಯಿಲಿಗಿಂತ ಭಾರ. ಬೆರೆಯದೆ ಉಳಿದದ್ದು ತಳಕ್ಕೆ ಇಳಿದಿರುತ್ತದೆ. ಮೊದಲು ಬಂದದ್ದು ನೀರೇ.

ನೀರು ಬರುವ ದಾರಿ ಒಂದಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ಡು ಅಥವಾ ಬ್ಲಾಕು ಬಿರುಕು ಬಿಟ್ಟಿರಬಹುದು, ಆಯಿಲ್ ಕೂಲರ್ ಒಳಗೆ ತೂತಾಗಿರಬಹುದು. ನೀರು ನೇರವಾಗಿ ಲೈನರಿನ ಹೊರಮೈಗೆ ತಾಗುವ ಎಂಜಿನ್ನಾದರೆ ಲೈನರಿನ ಬುಡದ ರಬ್ಬರ್ ರಿಂಗು ಸೋತಿರಬಹುದು. ರೇಡಿಯೇಟರಿನ ನೀರಿನ ಮೇಲೂ ಆಯಿಲು ತೇಲುತ್ತಿದ್ದರೆ ಮೊದಲು ಕೂಲರಿನ ಮೇಲೆ ಅನುಮಾನ ಪಡಬೇಕು. ಎಂಜಿನ್ ಓಡುವಾಗ ಆಯಿಲಿನ ಒತ್ತಡ ನೀರಿಗಿಂತ ಹೆಚ್ಚು, ಆಯಿಲು ನೀರಿಗೆ ನುಗ್ಗುತ್ತದೆ. ನಿಲ್ಲಿಸಿದ ಮೇಲೆ ನೀರು ಆಯಿಲಿಗೆ ಇಳಿಯುತ್ತದೆ. ಕೂಲರ್ ಬಿಚ್ಚಿ, ಬಾಯಿ ಕಟ್ಟಿ, ಗಾಳಿ ಕೊಟ್ಟು, ನೀರಿನ ಟಬ್ಬಿನಲ್ಲಿ ಮುಳುಗಿಸಿದರೆ ಗುಳ್ಳೆ ಸಾಕ್ಷಿ ಹೇಳುತ್ತದೆ.

ಈ ಗಾಡಿಯ ಕೂಲರ್ ಸರಿಯಿತ್ತು. ಚೇಂಬರ್ ಪೂರ್ತಿ ಇಳಿಸಿ, ರೇಡಿಯೇಟರಿಗೆ ಕೈಪಂಪಿನಿಂದ ಒತ್ತಡ ಕೊಟ್ಟು, ಲೈಟು ಹಿಡಿದು ಕೆಳಗೆ ಮಲಗಿದೆವು. ಒಂದು ಲೈನರಿನ ಬುಡದಿಂದ ಹನಿ ಹನಿಯಾಗಿ ನೀರು ಬಿತ್ತು. ಲೈನರ್ ಎಳೆದು ನೋಡಿದರೆ ರಿಂಗು ಚಪ್ಪಟೆಯಾಗಿ ಕಲ್ಲಾಗಿತ್ತು. ಹೊರಮೈ ಗೆದ್ದಲು ತಿಂದ ಹಾಗೆ ಸೂಜಿ ಸೂಜಿ ಗಾತ್ರ ತೂತು ಬಿದ್ದಿತ್ತು. ಪಿಸ್ಟನ್ ಬಡಿತಕ್ಕೆ ಲೈನರ್ ಅದುರುತ್ತದೆ, ಅದುರಿದಾಗ ನೀರಿನಲ್ಲಿ ಸಣ್ಣ ಗುಳ್ಳೆಗಳೇಳುತ್ತವೆ, ಆ ಗುಳ್ಳೆಗಳು ಒಡೆದೊಡೆದು ಕಬ್ಬಿಣವನ್ನೇ ಕಡಿಯುತ್ತವೆ. ಇದನ್ನು ತಡೆಯಲಿಕ್ಕೆಂದೇ ಕೂಲೆಂಟಿನಲ್ಲಿ ಔಷಧಿ ಹಾಕಿರುತ್ತಾರೆ. ಈ ಗಾಡಿಗೆ ಖರ್ಚು ಉಳಿಸಲು ವರ್ಷಗಟ್ಟಲೆ ಬರೀ ಬೋರ್‌ವೆಲ್ ನೀರು ಹಾಕಿಸಿದ್ದರು. ಹಾಕಿಸಿದವನು ಮಾಲೀಕ.

'ಅಣ್ಣಾ, ಇದು ನನ್ನಿಂದ ಆದದ್ದಾ?' ಅಂತ ಡ್ರೈವರು ಕೇಳಿದ.

'ನಿನ್ನ ಕಾಲು ಆಕ್ಸಿಲರೇಟರ್ ಮೇಲಿತ್ತು ಕಣಪ್ಪ, ಲೈನರ್ ಒಳಗಿರಲಿಲ್ಲ' ಅಂದರು ಮೇಸ್ತ್ರಿ.

ಆ ಲೈನರನ್ನು ಒರೆಸದೆ ಹಾಗೇ ಇಟ್ಟು ಮಾಲೀಕನಿಗೆ ತೋರಿಸಿದೆವು. ಅವನು ಮಾತಾಡಲಿಲ್ಲ. ಆ ತಿಂಗಳ ಸಂಬಳ ಪೂರ್ತಿ ಬಂತು. ಮುಂದಿನ ತಿಂಗಳು ಆ ಗಾಡಿಗೆ ಬೇರೆ ಡ್ರೈವರ್ ಬಂದ.

ಡ್ರೈವರನ ತಪ್ಪು ಎಂದೂ ಇರುವುದಿಲ್ಲ ಅಂತ ನಾವು ಹೇಳುವುದಿಲ್ಲ. ಮುಳ್ಳು ಕೆಂಪಿಗೆ ಹೋದ ಮೇಲೂ ಓಡಿಸಿದರೆ ಹೆಡ್ಡು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ನೆಟ್ಟನೆಯ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೇಲೆ ಇಟ್ಟರೆ ಅದೂ ಗೊತ್ತಾಗುತ್ತದೆ. ಆಗಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಗಾಡಿ ಕಾದದ್ದು ಯಾಕೆ? ಕಟ್ಟಿದ ರೇಡಿಯೇಟರ್ ಯಾರದು, ಸವೆದ ಬೆಲ್ಟು ಯಾರದು, ಅಳತೆ ಮೀರಿದ ಲೋಡು ಯಾರದು?

ಕಾನೂನು ಈ ಪ್ರಶ್ನೆ ಕೇಳುವ ಹಕ್ಕು ಕೊಟ್ಟಿದೆ. 1936ರ ವೇತನ ಪಾವತಿ ಕಾಯ್ದೆಯಲ್ಲೇ ಆ ಮಾತಿತ್ತು, 2019ರ ವೇತನ ಸಂಹಿತೆಯಲ್ಲೂ ಉಳಿದಿದೆ. ಕೆಲಸಗಾರನ ವಶಕ್ಕೆ ಕೊಟ್ಟ ವಸ್ತುವಿಗೆ ನಷ್ಟವಾದರೆ, ಅದು ನೇರವಾಗಿ ಅವನ ನಿರ್ಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ ಸಂಬಳ ಹಿಡಿಯಬಹುದು. ಹಿಡಿಯುವ ಮೊದಲು ಅವನ ವಿವರಣೆ ಕೇಳಬೇಕು. ಹಿಡಿದದ್ದು ನಷ್ಟಕ್ಕಿಂತ ಹೆಚ್ಚಾಗಬಾರದು. ಆದರೆ ವಿವರಣೆ ಕೊಡಬೇಕಾದರೆ ಎಂಜಿನ್ ಗೊತ್ತಿರಬೇಕು, ನೇಮಕದ ಚೀಟಿ ಇರಬೇಕು, ಬಾಯಿಗೆ ಧೈರ್ಯ ಬರಬೇಕು. ಮೊದಲನೆಯದು ನಮ್ಮಲ್ಲಿದೆ. ಉಳಿದೆರಡನ್ನು ಸಂಘಟನೆ ಕೊಡಬೇಕು.

ಇಲ್ಲೊಂದು ಮಾತು ಹೇಳದೆ ಇರಲಾರೆವು. ಗ್ಯಾರೇಜಿಗೆ ಬಂದ ದೊಡ್ಡ ಮನುಷ್ಯರೊಬ್ಬರು ಆ ಬಿಳಿಚಿದ ಆಯಿಲು ನೋಡಿ, 'ಬೆರೀಬಾರದ್ದು ಬೆರೆತ್ರೆ ಹಿಂಗೇ ಆಗೋದು' ಅಂತ ನಮ್ಮ ಮುಖ ನೋಡಿ ನಕ್ಕರು. ನಗುವಿನ ಅರ್ಥ ನಮಗಾಯಿತು. ಸ್ವಾಮಿ, ನೀರಿಗೂ ಆಯಿಲಿಗೂ ನಡುವೆ ಇರುವ ಗೋಡೆಯನ್ನು ಅಳತೆ ಹಿಡಿದು ಇಟ್ಟಿದ್ದಾರೆ, ಕೂದಲೆಳೆ ವ್ಯತ್ಯಾಸವಾದರೂ ನಾವೇ ಸರಿಮಾಡುತ್ತೇವೆ. ಊರಿಗೂ ಕೇರಿಗೂ ನಡುವೆ ಹಾಕಿದ ಗೋಡೆಗೆ ಯಾವ ಅಳತೆ ಇತ್ತು? ನೀರು, ಆಯಿಲಿನಲ್ಲಿ ಮೇಲು ಕೀಳಿಲ್ಲ. ಎರಡರಲ್ಲಿ ಒಂದಿಲ್ಲದಿದ್ದರೂ ನಿಮ್ಮ ಲೋಡು ರಸ್ತೆಯಲ್ಲೇ ಕೂರುತ್ತದೆ.

ಕೊನೆಗೆ ಆ ಕೆಟ್ಟ ಆಯಿಲು ಎಲ್ಲಿಗೆ ಹೋಗುತ್ತದೆ? ಬಳಸಿದ ಆಯಿಲು ಅಪಾಯಕಾರಿ ತ್ಯಾಜ್ಯ, ಅನುಮತಿ ಪಡೆದ ಮರುಬಳಕೆದಾರರಿಗೇ ಕೊಡಬೇಕು ಅಂತ 2016ರ ನಿಯಮ ಹೇಳುತ್ತದೆ. ನೀರು ಸೇರಿದ ಆಯಿಲಿಗೆ ಗುಜರಿಯವನೂ ಕಾಸು ಕೊಡುವುದಿಲ್ಲ. ಹಾಗಾಗಿ ಎಷ್ಟೋ ಕಡೆ ಅದು ಮೋರಿ ಪಾಲು. ಈ ಕಡೆಯ ಮೋರಿಗಳೆಲ್ಲ ವೃಷಭಾವತಿಗೆ. ವೃಷಭಾವತಿ ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕಾವೇರಿಗೆ. ಆ ನೀರಿನಲ್ಲಿ ಕಾಲಿಟ್ಟು ಗದ್ದೆ ಮಾಡುವವರು ನಮ್ಮವರೇ. ಕೂಲೆಂಟು ಸಿಹಿ ವಿಷ; ನಾಯಿ ನೆಕ್ಕುತ್ತದೆ, ಮಗು ಕುಡಿದರೆ ಮೂತ್ರಪಿಂಡ ಹೋಗುತ್ತದೆ. ಹಳೆ ಆಯಿಲಿನಲ್ಲಿ ವರ್ಷಗಟ್ಟಲೆ ಅದ್ದಿದ ಕೈಗೆ ಚರ್ಮದ ರೋಗ, ಕ್ಯಾನ್ಸರಿನ ಭಯ. ನಾವು ಕೇಳುವುದು ಒಂದು ಜೊತೆ ಗ್ಲೌಸು, ಒಂದು ಮುಚ್ಚಳವಿರುವ ಡ್ರಮ್ಮು. ಅದಕ್ಕೂ 'ನೋಡೋಣ' ಅನ್ನುತ್ತಾರೆ.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮ ಊರಿನಿಂದ ಕ್ಲೀನರಾಗಿ ಹೊರಟ ಹುಡುಗ ಯಾವುದೋ ಲಾರಿಯಲ್ಲಿ ಇದ್ದೇ ಇರುತ್ತಾನೆ. ಅವನು ಊರಿಗೆ ಬಂದಾಗ ಅವನಿಗೆ ಗೊತ್ತಿರೋದನ್ನು ಅವನ ಮಾತಿನಲ್ಲೇ ಬರೆದುಕೊಳ್ಳಿ. ಗೇಜು ನೋಡಿದ ದಿನ, ಹಾಕಿದ ನೀರು, ಹೊತ್ತ ಲೋಡು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಲು ಅವನಿಗೆ ಕಲಿಸಿ. ಬಿಚ್ಚಿದ ಲೈನರನ್ನು ಗುಜರಿಗೆ ಹಾಕುವ ಮೊದಲು ಫೋಟೋ ತೆಗೆದಿಡಲು ಹೇಳಿ. ನಾಳೆ ಲೇಬರ್ ಆಫೀಸಿನ ಮೇಜಿನ ಮುಂದೆ ಅವನ ಪರವಾಗಿ ಮಾತಾಡುವುದು ಆ ತೂತು ಬಿದ್ದ ಕಬ್ಬಿಣ, ಅವನ ಕೈಬರಹದ ಆ ನಾಲ್ಕು ಸಾಲು.