ಪಂಪ್ ರೂಮಿನ ಪ್ಯಾನೆಲ್

ಮಾರ್ಚ್ 4, 2024, ಸೋಮವಾರ

ಬೆಂಗಳೂರಿಡೀ ನೀರಿನ ಕೊರತೆಯದೇ ಮಾತು. ಯಲಹಂಕದ ಅಪಾರ್ಟ್‌ಮೆಂಟಿನಲ್ಲಿ ಹಳೇ ಪ್ಯಾನೆಲ್ ಬಿಚ್ಚಿದೆ. ಟೈಮರುಗಳು, ಸಾಲಾಗಿ ರಿಲೇಗಳು, ಯಾರು ಯಾವಾಗ ಎಳೆದರೋ ತಿಳಿಯದ ವೈರುಗಳು. ಒಂದಕ್ಕೂ ಫೆರೂಲ್ ನಂಬರಿಲ್ಲ. ಎರಡು ಪಂಪು, ಒಂದು ಸಂಪು, ಒಂದು ಓವರ್‌ಹೆಡ್ ಟ್ಯಾಂಕು. ಇಷ್ಟಕ್ಕೆ ದೊಡ್ಡ ಪಿಎಲ್‌ಸಿ, ಅಂದರೆ ಪ್ರೋಗ್ರಾಮ್ ಹಾಕಿ ನಡೆಸುವ ನಿಯಂತ್ರಕ, ಬೇಡ. ಸೀಮೆನ್ಸ್ ಲೋಗೋ ಸಾಕು: 8 ಇನ್‌ಪುಟ್, 4 ರಿಲೇ ಔಟ್‌ಪುಟ್, ಡಿನ್ ರೈಲಿನ ಮೇಲೆ ಸುಮಾರು 72 ಮಿ.ಮೀ. ಜಾಗ. 1996ರಲ್ಲಿ ಬಂದ ಈ ಪುಟ್ಟ ಪೆಟ್ಟಿಗೆ ಇಂಥ ಕೆಲಸಕ್ಕೆಂದೇ ಹುಟ್ಟಿದ್ದು.

ಪಂಪ್ ನೋಡಿಕೊಳ್ಳುವ ಹಿರಿಯರ ಜೊತೆ ಬಹಳ ಹೊತ್ತು ಕೂತೆ. “ಟ್ಯಾಂಕರ್ ಸುರಿಯೋವಾಗ ಸಂಪಲ್ಲಿ ನೀರು ಕುಲುಕಾಡ್ತದೆ ಸಾರ್. ಆಗ ಫ್ಲೋಟ್ ನಂಬ್ಕೊಂಡು ಮೋಟ್ರು ಹಾಕಿದ್ರೆ ಆನ್-ಆಫ್ ಆಗ್ತಾ ಸುಟ್ಟೋಗ್ತದೆ. ನಾನು ಎರಡು ನಿಮಿಷ ಕಾದೇ ಹಾಕೋದು” ಎಂದರು. ಹಳೇ ಪ್ಯಾನೆಲ್ಲಿನ ಡ್ರಾಯಿಂಗಿನಲ್ಲಿ ಇದು ಎಲ್ಲೂ ಇರಲಿಲ್ಲ.

ಮಾರ್ಚ್ 6, ಬುಧವಾರ

ಪೀಣ್ಯದ ನನ್ನ ಶೆಡ್ಡಿನಲ್ಲಿ ಪ್ರೋಗ್ರಾಮ್ ಬರೆದೆ. ಆ ಹಿರಿಯರ ಎರಡು ನಿಮಿಷ ಈಗ ಒಂದು ಆನ್-ಡಿಲೇ ಬ್ಲಾಕ್. ಫ್ಲೋಟ್ ಒಮ್ಮೆ ಬಿಟ್ಟರೂ ಎಣಿಕೆ ಮತ್ತೆ ಸೊನ್ನೆಯಿಂದ. ಟ್ಯಾಂಕಿನ ಕೆಳ ಫ್ಲೋಟ್ ಪಂಪನ್ನು ಹಚ್ಚುತ್ತದೆ, ಮೇಲಿನದು ನಿಲ್ಲಿಸುತ್ತದೆ. ನಡುವೆ ಲ್ಯಾಚಿಂಗ್ ರಿಲೇ. ಪ್ರತಿ ಸಲ ನಿಂತಾಗ ಪಲ್ಸ್ ರಿಲೇ ಸರದಿ ಬದಲಿಸುತ್ತದೆ, ಎರಡೂ ಮೋಟರು ಸಮನಾಗಿ ಸವೆಯಲಿ.

ಮಾರ್ಚ್ 9, ಶನಿವಾರ

ವೈರಿಂಗ್. ಸಂಪಿಗೆ ಇಳಿಯುವ ವೈರಿನಲ್ಲಿ 230 ವೋಲ್ಟ್ ಇರಕೂಡದೆಂದು ಲೋಗೋದ 24 ವೋಲ್ಟಿನ ಮಾದರಿಯನ್ನೇ ತಂದಿದ್ದೇನೆ. ನೀರಿದ್ದಾಗ ಸಂಪಿನ ಫ್ಲೋಟಿನ ಕಾಂಟ್ಯಾಕ್ಟ್ ಕೂಡಿರಬೇಕು, ಟ್ಯಾಂಕ್ ತುಂಬಿದಾಗ ಮೇಲಿನದು ಬಿಡಬೇಕು. ಹೀಗಿದ್ದರೆ ಇಲಿ ವೈರು ಕಡಿದರೂ ಪಂಪ್ ನಿಲ್ಲುತ್ತದೆಯೇ ಹೊರತು ಓಡುತ್ತಲೇ ಇರುವುದಿಲ್ಲ.

ಎಮರ್ಜೆನ್ಸಿ ಸ್ಟಾಪನ್ನೂ ಓವರ್‌ಲೋಡ್ ರಿಲೇ ಟ್ರಿಪ್ ಆದಾಗ ಬಿಡುವ 95-96 ಕಾಂಟ್ಯಾಕ್ಟನ್ನೂ ಕಾಂಟ್ಯಾಕ್ಟರ್ ಕಾಯಿಲಿಗೆ ನೇರ ಸರಣಿಯಲ್ಲೇ ಹಾಕಿದೆ. 97-98 ಮಾತ್ರ ಲೋಗೋಗೆ, ಟ್ರಿಪ್ ಆದ ಸುದ್ದಿ ಮುಟ್ಟಿಸಲು. ಸುದ್ದಿ ಬಂದರೆ ಅದು ಇನ್ನೊಂದು ಪಂಪಿಗೆ ಸರದಿ ಕೊಡುತ್ತದೆ. ಸ್ಟಾಪ್ ಮತ್ತು ಓವರ್‌ಲೋಡ್ ಕಾಂಟ್ಯಾಕ್ಟುಗಳನ್ನು ಪ್ರೋಗ್ರಾಮಿಗೆ ಮಾತ್ರ ಕೊಟ್ಟು ಕೈತೊಳೆದುಕೊಳ್ಳುವ ಪ್ಯಾನೆಲ್ಲುಗಳನ್ನು ಕಂಡಾಗ ನನಗೆ ಸಿಟ್ಟೇ ಬರುತ್ತದೆ. ಲೋಗೋದೊಳಗಿನ ರಿಲೇಯೇ ಅಂಟಿಕೊಂಡರೆ? ಕೈಯಲ್ಲಿ ಗುಂಡಿ ಒತ್ತಿದವನಿಗೆ ಪಂಪ್ ನಿಂತೇ ನಿಲ್ಲಬೇಕು.

ಮಾರ್ಚ್ 12, ಮಂಗಳವಾರ

ಪ್ಯಾನೆಲ್ ಕೂರಿಸಿದೆವು. ಫ್ಲೋಟಿನ ವೈರು ಕಿತ್ತೆ, ಪಂಪ್ ನಿಂತಿತು. ಒಂದು ಓವರ್‌ಲೋಡ್ ರಿಲೇಯ ಟೆಸ್ಟ್ ಒತ್ತಿದೆ, ಇನ್ನೊಂದು ಪಂಪ್ ಎತ್ತಿಕೊಂಡಿತು. ಪರದೆಯ ಸಂದೇಶಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವಾಗಿಯೇ ಬರೆದಿದ್ದೇನೆ: ‘ಸಂಪ್ ಖಾಲಿ’, ‘ಪಂಪ್ 1 ಟ್ರಿಪ್’. ಹಿರಿಯರು ಓದಿ, “ಕಾಯೋ ಟೈಮು ನಾನೇ ಬದಲಾಯಿಸ್ಬೋದಾ?” ಎಂದರು. ಯಾವ ಕೀ ಎಂದು ತೋರಿಸಿದೆ. ಬೇಸಿಗೆಯಲ್ಲಿ ಮೂರು ನಿಮಿಷ ಬೇಕಂತೆ, ಅವರೇ ಇಟ್ಟರು.

ಪಾಸ್‌ವರ್ಡ್ ಹಾಕಿ ಬೀಗದಕೈ ತಮ್ಮ ಬಳಿಯೇ ಇಟ್ಟುಕೊಳ್ಳುವ ಪದ್ಧತಿ ನನಗೆ ಒಗ್ಗದು. ಪ್ರೋಗ್ರಾಮಿನ ಪ್ರತಿಯನ್ನು ಅಪಾರ್ಟ್‌ಮೆಂಟಿನ ಸಂಘದವರಿಗೆ ಕೊಟ್ಟೆ, ಡ್ರಾಯಿಂಗ್ ಬಾಗಿಲ ಒಳಗಡೆ ಅಂಟಿಸಿದೆ.

ಉಳಿದದ್ದು ಅಪಾರ್ಟ್‌ಮೆಂಟಿನ ಬೋರ್‌ವೆಲ್ ಪಂಪು. ಅಲ್ಲಿ ಫ್ಲೋಟ್ ನಡೆಯದು. ನೀರಿಲ್ಲದೆ ತಿರುಗುವ ಸಬ್‌ಮರ್ಸಿಬಲ್ ಎಳೆಯುವ ಕರೆಂಟ್ ಇಳಿಯುತ್ತದೆ, ಅದನ್ನು ಹಿಡಿಯುವ ಅಂಡರ್‌ಕರೆಂಟ್ ರಿಲೇ ಹಾಕಿ ಅದರ ಕಾಂಟ್ಯಾಕ್ಟನ್ನು ಮಿಕ್ಕ ಇನ್‌ಪುಟ್ಟಿಗೆ ಕೊಡಬೇಕು. ನಾಳೆ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ವಿಚಾರಿಸುವುದು.