ಕೊಂಢವಾದಿಂದ ಒಂದು ಹಿತ್ತಲಿಗೆ

ಕೊಂಢವಾದ ನಮ್ಮ ಮನೆಯಿಂದ ಸಂಘದ ಕಾರ್ಯಕ್ರಮಕ್ಕೆ ಬರಲು ಎರಡು ಬಸ್ಸು ಬದಲಿಸಬೇಕು. ಆದರೂ ಬರುತ್ತೇವೆ. ವಾರವೆಲ್ಲ ಮರಾಠಿ, ಹಿಂದಿ ಆಡಿದ ನಾಲಿಗೆಗೆ ಅಲ್ಲಿ ವಿಶ್ರಾಂತಿ. ಮಗನ ಮನೆಗೆಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದಾಗ ಈ ಮಾತು ನೆನಪಾಯಿತು.

ಅಲ್ಲಿನ ಬರ್ನಲ್ ಹೈಟ್ಸ್ ಎಂಬ ಬಡಾವಣೆಯಲ್ಲಿ 'ವೈಲ್ಡ್ ಸೈಡ್ ವೆಸ್ಟ್' ಎಂಬ ಬಾರ್ ಇದೆ. ಬಾಳಸಂಗಾತಿಗಳಾಗಿದ್ದ ಪ್ಯಾಟ್ ರಾಮ್ಸೆಯರ್, ನ್ಯಾನ್ಸಿ ವೈಟ್ ಎಂಬ ಇಬ್ಬರು ಮಹಿಳೆಯರು 1962ರಲ್ಲಿ ಓಕ್‌ಲ್ಯಾಂಡಿನಲ್ಲಿ ಅದನ್ನು ತೆರೆದರು. 1970ರ ದಶಕದಲ್ಲಿ ಇಲ್ಲಿಗೆ ತಂದರು. ಹೆಣ್ಣನ್ನೇ ಪ್ರೀತಿಸುವ ಹೆಣ್ಣುಮಕ್ಕಳಿಗೆ ಅದು ತವರಾಯಿತು. ಮೊದಮೊದಲು ಸಿಟ್ಟಾದ ನೆರೆಯವರು ಮುರಿದ ಕುರ್ಚಿ, ಹಳೆಯ ಕಮೋಡುಗಳನ್ನು ಹಿತ್ತಲಿಗೆ ಎಸೆಯುತ್ತಿದ್ದರಂತೆ. ಒಡತಿಯರು ಜಗಳಕ್ಕಿಳಿಯಲಿಲ್ಲ, ಅವುಗಳಲ್ಲೇ ಮಣ್ಣು ತುಂಬಿ ಗಿಡ ನೆಟ್ಟರು. ಹಾಗೆ ಬೆಳೆದದ್ದು ಅಲ್ಲಿನ ತೋಟ. ಈಗ ಬಡಾವಣೆಯವರೂ ಅಲ್ಲೇ ಬಂದು ಕೂರುತ್ತಾರೆ.

ನಾನು ಕುಡಿಯುವವಳಲ್ಲ, ಸೋಡಾ ಹಿಡಿದು ಕೂತೆ. ಪಕ್ಕದಲ್ಲಿ ನನ್ನ ವಯಸ್ಸಿನ ಇಬ್ಬರು ಹೆಂಗಸರು ಕೈಹಿಡಿದು ಕೂತಿದ್ದರು. ಯಾರೂ ತಿರುಗಿ ನೋಡಲಿಲ್ಲ.

ಇಂಥ ಪ್ರೀತಿ ಅಪರಾಧವಲ್ಲವೆಂದು ನಮ್ಮ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹೇಳಿತು. ಪುಣೆಯಲ್ಲಿ 2011ರಲ್ಲೇ ಅಂಥವರ ಮೆರವಣಿಗೆ ಶುರುವಾಯಿತು. ಆದರೆ ಮೆರವಣಿಗೆ ಮುಗಿದ ಮರುದಿನ? ನಮ್ಮ ಕೊಂಢವಾದಲ್ಲಿ ಬಾಡಿಗೆ ಮನೆ ಕೇಳಲು ಬಂದ ಅಂಥ ಇಬ್ಬರು ತಾವು ಅಕ್ಕತಂಗಿಯರೆಂದೇ ಹೇಳಬೇಕಾದೀತು. ಸುಳ್ಳಾಡದೆ ಗಳಿಗೆ ಹೊತ್ತು ಕೂರಲು ಅವರಿಗೊಂದು ಜಾಗ ಬೇಡವೇ? ನಾಲ್ಕು ಕನ್ನಡದ ಮಾತಿಗಾಗಿ ಎರಡು ಬಸ್ಸು ಬದಲಿಸುವ ನಮಗೆ ಈ ಹಸಿವು ಅರ್ಥವಾಗದೆ ಇದ್ದೀತೇ?